ಘಟ್ಟದಂಚಿನ ಜಲ್ಲಿ ದಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮುಂಬಯಿ, ಪುಣೆ, ಗೋವಾದ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗ್ರಾವೆಲ್ ಸೈಕಲ್ಲಿನ, ಅಂದರೆ ಜಲ್ಲಿ, ಮಣ್ಣಿನ ದಾರಿಗೂ ಒಗ್ಗುವ ಅಗಲ ಟೈರಿನ ಸೈಕಲ್ಲಿನ ಬಗ್ಗೆ. ಯಾವ ಸೈಕಲ್ ಕೊಳ್ಳಬೇಕು ಎಂಬ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇವೆ. ಸಹ್ಯಾದ್ರಿಯಲ್ಲಿ ಸವಾರಿ ಕೆಡುವುದು ಸೈಕಲ್ಲಿನ ಬೆಲೆಯಿಂದಲ್ಲ. ದಾರಿ, ಋತು, ಟೈರಿನ ಗಾಳಿ ಇವು ಮೂರರಲ್ಲಿ ಒಂದನ್ನು ಯೋಚಿಸದೆ ಹೊರಟಾಗ ಕೆಡುತ್ತದೆ.

ಪ್ರ: ನನ್ನ ಬಳಿ 40 ಮಿಮೀ ಟೈರಿನ ಗ್ರಾವೆಲ್ ಸೈಕಲ್ ಇದೆ. ಲೋಣಾವಳದಿಂದ ತಾಮ್ಹಿಣಿಗೆ ಘಟ್ಟದ ಅಂಚಿನಲ್ಲೇ ಹೋಗುವ ದಾರಿ ಇದೆಯಂತೆ. ಅಲ್ಲಿಂದ ಕೋಲಾಡ್‌ಗೆ ಇಳಿದು ರೈಲಿನಲ್ಲಿ ವಾಪಸು ಬರಬಹುದೇ? ಒಂದೇ ದಿನದಲ್ಲಿ ಆಗುತ್ತದೆಯೇ? (ಡೊಂಬಿವಲಿ)

ಉ: ಆಗುತ್ತದೆ, ಬೆಳಿಗ್ಗೆ 6ಕ್ಕೆ ಲೋಣಾವಳ ಬಿಟ್ಟರೆ. ಹಿಂದಿನ ರಾತ್ರಿಯೇ ಲೋಣಾವಳ ಸೇರಿಕೊಳ್ಳಿ. ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ಖೋಪೋಲಿಯಿಂದ ಶಿಂಗ್ರೋಬಾ ಗುಡಿಯ ಹಳೆಯ ಘಾಟ್ ಹತ್ತಿಯೇ ಬರುತ್ತೇನೆ ಎನ್ನುವವರಿದ್ದಾರೆ. ಆದರೆ ಅದೊಂದೇ ಏರು 500 ಮೀಟರಿಗಿಂತ ಹೆಚ್ಚು. ಮುಂದೆ ದಿನವಿಡೀ ಏರಿಳಿತವಿರುವಾಗ ಕಾಲಿನ ಬಲವನ್ನು ಅಲ್ಲೇ ಮುಗಿಸಿಕೊಳ್ಳುವುದು ಬೇಡ.

ದಾರಿ ಹೀಗಿದೆ: ಲೋಣಾವಳದಿಂದ ಭುಶಿ ಅಣೆಕಟ್ಟು, ನೌಕಾಪಡೆಯ ತರಬೇತಿ ಕೇಂದ್ರ ಐಎನ್‌ಎಸ್ ಶಿವಾಜಿ ದಾಟಿ ಕೋರಿಗಡದ ಬುಡದ ಪೇಠ್ ಶಹಾಪುರ. ಅಲ್ಲಿಂದ ಅಂಬವಣೆ, ಸಾಲ್ತರ್, ಭಾಂಬರ್ಡೆ, ಪಿಂಪ್ರಿ, ಕೊನೆಗೆ ಪುಣೆ–ತಾಮ್ಹಿಣಿ ರಸ್ತೆಯ ಕೂಡುದಾರಿ. ಇಷ್ಟು ಸುಮಾರು 50 ಕಿಮೀ. ಎಡಕ್ಕೆ ಮುಳಶಿ ಅಣೆಕಟ್ಟಿನ ಹಿನ್ನೀರು, ಬಲಕ್ಕೆ ಕೊಂಕಣದತ್ತ ಒಮ್ಮೆಲೇ ಕಡಿದುಬೀಳುವ ಪ್ರಪಾತ. ನಡುವೆ ಬಲಗಡೆ ನೆಟ್ಟಗೆ ನಿಂತ ಎರಡು ಕಲ್ಲುಗೋಡೆಗಳು ಕಾಣುತ್ತವೆ, ಅದೇ ತೈಲಬೈಲಾ. ಅದರ ಬುಡಕ್ಕೆ ಕವಲುದಾರಿ ಉಂಟು, ಹೋಗಿಬರಲು ಒಂದು ಗಂಟೆ ಬೇಕು. ಕೋಲಾಡ್‌ವರೆಗೆ ಹೋಗುವ ದಿನ ಆ ಕವಲು ಹಿಡಿಯಬೇಡಿ.

ಪೇಠ್ ಶಹಾಪುರದವರೆಗೆ ಡಾಂಬರು ಚೆನ್ನಾಗಿದೆ. ಆಮೇಲಿನ ಮೈ ಪ್ರತಿ ಮಳೆಗಾಲ ಮುಗಿದಾಗಲೂ ಬೇರೆ. ಹೋದ ವರ್ಷ ಕಾಂಕ್ರೀಟ್ ಇದ್ದ ಕಡೆ ಈ ವರ್ಷ ಗುಂಡಿ ಇರಬಹುದು, ಗುಂಡಿ ಇದ್ದಲ್ಲಿ ಹೊಸ ಜಲ್ಲಿ ಸುರಿದಿರಬಹುದು. ಎಚ್ಚರ ಬೇಕಾದದ್ದು ಹೊಸ ಜಲ್ಲಿಗೇ. ಡಾಂಬರು ಹಾಕುವ ಮುಂಚೆ ಹರಡಿದ 40 ಎಂಎಂ ಜಲ್ಲಿಯ ಮೇಲೆ ಇನ್ನೂ ರೋಲರ್ ಓಡಿರದಿದ್ದರೆ ಒಂದೊಂದು ಕಲ್ಲೂ ಚಕ್ರದಡಿ ಹೊರಳುತ್ತದೆ, ಅಂಚು ಚಾಕುವಿನಷ್ಟು ಚೂಪಾಗಿರುತ್ತದೆ. ಅಂಥ ತುಂಡು ಸಾಮಾನ್ಯವಾಗಿ ಇನ್ನೂರು, ಮುನ್ನೂರು ಮೀಟರ್ ಇರುತ್ತದೆ. ಇಳಿದು ತಳ್ಳಿಕೊಂಡು ಹೋಗಿ. ಅದರ ಮೇಲೆ ಸವಾರಿ ಮಾಡಿ ಉಳಿಸುವ ಎರಡು ನಿಮಿಷಕ್ಕೆ ಟೈರಿನ ಪಕ್ಕೆ ಹರಿಯಬಹುದು. ಒತ್ತಿ ಗಟ್ಟಿಯಾದ ಹಳೆಯ ಜಲ್ಲಿಯ ಮೇಲಾದರೆ ಧಾರಾಳವಾಗಿ ಓಡಿಸಿ: ಕೈ ಹ್ಯಾಂಡಲ್ಲಿನ ಕೆಳಭಾಗದಲ್ಲಿ, ಮೊಣಕೈ ಸಡಿಲ, ದೃಷ್ಟಿ ಹತ್ತು ಮೀಟರ್ ಮುಂದೆ. ಬ್ರೇಕು ತಿರುವಿಗೆ ಮುಂಚೆ, ತಿರುವಿನ ನಡುವೆ ಅಲ್ಲ.

ನೀರಿನ ಲೆಕ್ಕ ಸರಿಯಾಗಿರಲಿ. ಅಂಬವಣೆಯಲ್ಲಿ ಎರಡು ಬಾಟಲಿಯ ಜೊತೆಗೆ ಇನ್ನೊಂದು ಲೀಟರ್ ತುಂಬಿಕೊಳ್ಳಿ. ಮುಂದಿನ ಊರುಗಳು ಚಿಕ್ಕವು, ಅಂಗಡಿ ತೆರೆದಿರುತ್ತದೆಂಬ ಭರವಸೆ ಇಲ್ಲ. ಮೊಬೈಲ್ ಸಿಗ್ನಲ್ಲೂ ಬಹಳ ಕಡೆ ಸಿಗದು, ಆದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ಮಧ್ಯಾಹ್ನ 12ರೊಳಗೆ ತಾಮ್ಹಿಣಿ ರಸ್ತೆ ಮುಟ್ಟದಿದ್ದರೆ ಕೋಲಾಡ್ ಬಿಟ್ಟುಬಿಡಿ, ಎಡಕ್ಕೆ ತಿರುಗಿ ಮುಳಶಿ, ಪೌಡ್, ಪಿರಂಗುಟ್ ಮೇಲೆ ಪುಣೆಗೆ ಹೋಗಿ. ದಾರಿಯುದ್ದಕ್ಕೂ ಊರು, ಊಟ, ಟೆಂಪೊ ಸಿಗುತ್ತವೆ. ಬಲಕ್ಕೆ ತಿರುಗಿ ಇಳಿದಿರೋ, ಮೇಲೆ ಬರಬೇಕೆಂದರೆ ಮತ್ತೆ ಐನೂರು ಮೀಟರ್ ಹತ್ತಬೇಕು. ಪ್ರಸ್ಥಭೂಮಿಯ ಅಂಚಿನ ಎಲ್ಲ ದಾರಿಗಳಿಗೂ ಈ ನಿಯಮ ಒಂದೇ: ಇಳಿಯುವ ನಿರ್ಧಾರವನ್ನು ಗಡಿಯಾರ ನೋಡಿ ಮಾಡಿ.

ಇಳಿದರೆ, ವಿಳೆ ಭಾಗಾಡ್‌ನಿಂದ ಒಂದು ದಾರಿ ಮಾಣಗಾವ್‌ಗೆ, ಇನ್ನೊಂದು ಸುತಾರವಾಡಿ ಮೇಲೆ ಕೋಲಾಡ್‌ಗೆ. ಕೋಲಾಡ್‌ನಲ್ಲಿ ನಿಲ್ಲುವ ಗಾಡಿಗಳು ಕಡಿಮೆ. ಇನ್ನಷ್ಟು ತುಳಿದು ರೋಹಾ ಸೇರಿದರೆ ದಿವಾಕ್ಕೆ ನೇರ ಗಾಡಿ ಇದೆ, ಡೊಂಬಿವಲಿಯವರಿಗೆ ಅದಕ್ಕಿಂತ ಅನುಕೂಲ ಬೇರೆ ಇಲ್ಲ. ಅಂದಿನ ವೇಳಾಪಟ್ಟಿಯನ್ನು ಹೊರಡುವ ಮುಂಚೆಯೇ ನೋಡಿಕೊಳ್ಳಿ. ಎರಡೂ ಚಕ್ರ ಕಳಚಿ, ಸೈಕಲ್ಲನ್ನು ಚೀಲದಲ್ಲಿ ಕಟ್ಟಿ, ಲಗೇಜ್ ಟಿಕೆಟ್ ತೆಗೆದುಕೊಂಡೇ ಹತ್ತಿ. ಚಕ್ರ ಕಳಚಿದ ಮೇಲೆ ಡಿಸ್ಕ್ ಬ್ರೇಕಿನ ಪ್ಯಾಡುಗಳ ನಡುವೆ ಮಡಚಿದ ರಟ್ಟು ಸಿಕ್ಕಿಸಿ. ಹೈಡ್ರಾಲಿಕ್ ಬ್ರೇಕಿನಲ್ಲಿ ಯಾರಾದರೂ ಲಿವರ್ ಒತ್ತಿದರೆ ಪಿಸ್ಟನ್ ಮುಂದೆ ಬಂದು ಕೂರುತ್ತದೆ, ಆಮೇಲೆ ಡಿಸ್ಕ್ ಒಳಗೆ ಹೋಗುವುದಿಲ್ಲ.

ಪ್ರ: ಟೈರಿನಲ್ಲಿ ಎಷ್ಟು ಗಾಳಿ ಇರಬೇಕು? ಅಂಗಡಿಯವರು 60 ಪಿಎಸ್‌ಐ ತುಂಬುತ್ತಾರೆ. ಆದರೂ ಪ್ರತಿ ವಾರ ಪಂಕ್ಚರ್. ಟ್ಯೂಬ್‌ಲೆಸ್ ಮಾಡಿಸಿದರೆ ಈ ಕಾಟ ತಪ್ಪುತ್ತದೆಯೇ? (ಕೋಥರೂಡ್, ಪುಣೆ)

ಉ: 40 ಮಿಮೀ ಟೈರಿಗೆ 60 ತೀರ ಜಾಸ್ತಿ. ಅಷ್ಟು ಗಾಳಿ ಇದ್ದರೆ ಟೈರು ಕಲ್ಲಿನ ಮೇಲೆ ಮಣಿಯುವುದಿಲ್ಲ, ಪುಟಿಯುತ್ತದೆ. ಹಿಡಿತ ಹೋಗುತ್ತದೆ, ಕೈ ಜೋಮು ಹಿಡಿಯುತ್ತದೆ, ಚೂಪು ಕಲ್ಲು ಬಿಗಿದ ರಬ್ಬರನ್ನು ಸುಲಭವಾಗಿ ಸೀಳುತ್ತದೆ. 70 ಕೆಜಿ ತೂಕದವರಿಗೆ ಟ್ಯೂಬ್‌ಲೆಸ್ ಆದರೆ ಮುಂದೆ 28ರಿಂದ 30, ಹಿಂದೆ 32ರಿಂದ 34. ಟ್ಯೂಬ್ ಇದ್ದರೆ ಎರಡಕ್ಕೂ 5 ಅಥವಾ 6 ಸೇರಿಸಿ. ತೂಕ 10 ಕೆಜಿ ಹೆಚ್ಚಿದ್ದರೆ ಇನ್ನೊಂದು 2ರಿಂದ 3. ಟೈರಿನ ಪಕ್ಕೆಯ ಮೇಲೆ ಅಚ್ಚಾದ ಕನಿಷ್ಠಕ್ಕಿಂತ ಇಳಿಸಬೇಡಿ.

ನಿಮ್ಮ ಪಂಕ್ಚರ್ ಯಾವ ಜಾತಿಯದು ಎಂದು ಟ್ಯೂಬನ್ನು ನೋಡಿದರೆ ತಿಳಿಯುತ್ತದೆ. ಅಕ್ಕಪಕ್ಕ ಎರಡು ಸೀಳು ಇದ್ದರೆ ಟ್ಯೂಬು ಕಲ್ಲು ಮತ್ತು ರಿಮ್ಮಿನ ನಡುವೆ ಅಪ್ಪಚ್ಚಿಯಾಗಿದೆ, ಅಂದರೆ ಗಾಳಿ ಕಡಿಮೆಯಾಗಿತ್ತು. ಒಂದೇ ಸೂಜಿ ತೂತಾದರೆ ಜಾಲಿ ಮುಳ್ಳು. 60 ಪಿಎಸ್‌ಐನಲ್ಲಿ ಎರಡು ಸೀಳು ಬರುವುದು ಅಪರೂಪ. ಪ್ರತಿ ವಾರ ಅದೇ ಜಾಗದಲ್ಲಿ ತೂತಾಗುತ್ತಿದ್ದರೆ ಹಳೆಯ ಮುಳ್ಳಿನ ತುದಿ ಟೈರಿನೊಳಗೇ ಉಳಿದಿದೆ. ಟೈರಿನ ಒಳಮೈಯ ಮೇಲೆ ಹತ್ತಿಯ ಉಂಡೆ ಎಳೆಯಿರಿ. ಬೆರಳಿಗೆ ಸಿಗದ ಮುಳ್ಳಿಗೂ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ.

ಮುಳ್ಳಿನ ಕಾಟಕ್ಕೆ ಟ್ಯೂಬ್‌ಲೆಸ್ ನಿಜವಾಗಿಯೂ ಒಳ್ಳೆಯ ಮದ್ದು. ರಿಮ್ಮು, ಟೈರು ಎರಡೂ ಟ್ಯೂಬ್‌ಲೆಸ್‌ಗೆಂದೇ ಮಾಡಿದವಾಗಿರಬೇಕು. ಒಂದು ಟೈರಿಗೆ 60ರಿಂದ 80 ಎಂಎಲ್ ಸೀಲಂಟ್, ಅಂದರೆ ಒಳಗಿನಿಂದ ತೂತು ಮುಚ್ಚುವ ದ್ರವ, ಸಾಕು. ನಮ್ಮ ಬಿಸಿಲಿಗೆ ಅದು ಬೇಗ ಒಣಗುತ್ತದೆ. ಎರಡು ತಿಂಗಳಿಗೊಮ್ಮೆ ಚಕ್ರವನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗೆ ದ್ರವ ಕಲುಕುವ ಸದ್ದಿಲ್ಲದಿದ್ದರೆ ವಾಲ್ವಿನ ತಿರುಳು ಬಿಚ್ಚಿ 40 ಎಂಎಲ್ ಹಾಕಿ. ಮೊದಲ ಸಲ ಟೈರು ರಿಮ್ಮಿಗೆ ಕೂರಲು ಒಮ್ಮೆಲೇ ರಭಸದ ಗಾಳಿ ಬೇಕು, ಕೈಪಂಪಿನಿಂದ ಆಗದು. ಸೈಕಲ್ಲಿನ ತೆಳ್ಳನೆಯ ಪ್ರೆಸ್ಟಾ ವಾಲ್ವಿಗೆ ಹಾಕುವ ಚಿಕ್ಕ ಹಿತ್ತಾಳೆ ಅಡಾಪ್ಟರ್ ಜೇಬಿನಲ್ಲಿದ್ದರೆ ಯಾವುದೇ ಬೈಕ್ ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಕೆಲಸ ಮುಗಿಯುತ್ತದೆ. ಆದರೆ ಲಾರಿ ಟೈರಿನ ಮೀಟರಿನಲ್ಲಿ 30 ಮತ್ತು 45ರ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಟಕ್ ಟಕ್ ಎಂದು ಅಂಚು ಕೂತ ಸದ್ದು ಕೇಳಿದೊಡನೆ ನಿಲ್ಲಿಸಲು ಹೇಳಿ. ಟೈರಿನ ಅಂಚು ಹಿಡಿಯುವ ಕೊಕ್ಕೆಯಿಲ್ಲದ, ಅಂದರೆ ಹುಕ್‌ಲೆಸ್ ರಿಮ್ಮಿನಲ್ಲಿ 72 ಪಿಎಸ್‌ಐ ದಾಟಿದರೆ ಟೈರು ಸಿಡಿದು ಹೊರಬರುವ ಅಪಾಯ ನಿಜಕ್ಕೂ ಇದೆ.

ಟ್ಯೂಬ್‌ಲೆಸ್ ಕೈಕೊಡುವುದು ಪಕ್ಕೆ ಹರಿದಾಗ. ಸಹ್ಯಾದ್ರಿಯ ಕಪ್ಪು ಬಸಾಲ್ಟ್ ಒಡೆದರೆ ಅಂಚು ಚೂಪಾಗಿಯೇ ಒಡೆಯುತ್ತದೆ, ಆದ್ದರಿಂದ ಇದಕ್ಕೆ ತಯಾರಾಗಿಯೇ ಹೋಗಬೇಕು. 5 ಮಿಮೀ ಒಳಗಿನ ತೂತಿಗೆ ಪ್ಲಗ್ (ಅಂಟು ರಬ್ಬರಿನ ಎಳೆ) ಚುಚ್ಚಿ ನೋಡಿ. ದೊಡ್ಡದಾದರೆ ಟ್ಯೂಬು ಹಾಕಲೇಬೇಕು. ಟೈರು ಒಂದು ಬದಿ ಬಿಚ್ಚಿ, ಟ್ಯೂಬ್‌ಲೆಸ್ ವಾಲ್ವ್ ತೆಗೆಯಿರಿ. ಅದರ ನಟ್ಟು ಸೀಲಂಟಿನಿಂದ ಅಂಟಿ ಹೋಗಿರುತ್ತದೆ, ಚಿಕ್ಕ ಇಕ್ಕಳ ಇಲ್ಲದವರು ಕಾಡಿನ ನಡುವೆ ಇಲ್ಲೇ ಸಿಕ್ಕಿಬೀಳುತ್ತಾರೆ. ಆಮೇಲೆ ಒಳಮೈ ಒರೆಸಿ ಮುಳ್ಳುಗಳನ್ನು ಒಂದೊಂದಾಗಿ ಕೀಳಬೇಕು. ಸೀಲಂಟ್ ತೂತು ಮುಚ್ಚುತ್ತಾ ಬಂದಿರುವುದರಿಂದ ತಿಂಗಳುಗಟ್ಟಲೆ ಹೊಕ್ಕ ಮುಳ್ಳುಗಳೆಲ್ಲ ಅಲ್ಲೇ ನಿಂತಿರುತ್ತವೆ. ಅವನ್ನು ಕೀಳದೆ ಹಾಕಿದ ಹೊಸ ಟ್ಯೂಬು ಒಂದು ಕಿಲೋಮೀಟರ್ ಸಹ ಬಾಳುವುದಿಲ್ಲ. ಹರಿದ ಜಾಗಕ್ಕೆ ಒಳಗಿನಿಂದ ಹಳೆಯ ಟೈರಿನ 3×5 ಸೆಂಮೀ ತುಂಡು ಇಟ್ಟು, ಟ್ಯೂಬಿಗೆ ಅರ್ಧ ಗಾಳಿ ತುಂಬಿ, ತುಂಡು ಜರುಗಿಲ್ಲವೆಂದು ನೋಡಿ, 25 ಪಿಎಸ್‌ಐಗೆ ನಿಲ್ಲಿಸಿ. ಹೊರಗೆ ಗುಳ್ಳೆ ಎದ್ದರೆ ಇನ್ನೂ ಇಳಿಸಿ, ನಿಧಾನ ಡಾಂಬರು ದಾರಿ ಹಿಡಿಯಿರಿ. ಗಾಳಿಗೆ ಕೈಪಂಪೇ ಒಳ್ಳೆಯದು. ಸಿಒಟು ಕಾರ್ಟ್ರಿಜ್ ಬಳಸಿದರೆ ಕೆಲವು ಲ್ಯಾಟೆಕ್ಸ್ ಸೀಲಂಟ್ ಹೆಪ್ಪುಗಟ್ಟುತ್ತದೆ.

ಪ್ರ: ರಸ್ತೆ ಸೈಕಲ್ಲಿನ 50/34 ಕ್ರ್ಯಾಂಕ್ (ಪೆಡಲಿನ ಬಳಿಯ ಎರಡು ಹಲ್ಲುಚಕ್ರಗಳ ಹಲ್ಲುಗಳ ಸಂಖ್ಯೆ), ಹಿಂದೆ 11ರಿಂದ 28 ಹಲ್ಲು. ಇದರಲ್ಲೇ ಘಟ್ಟ ಹತ್ತಬಹುದೇ? (ಚಿಂಚವಡ)

ಉ: ಡಾಂಬರಿನ ಮೇಲೆ ಹತ್ತಬಹುದು. 10 ಶೇಕಡಾ ಏರಿನ ಸಡಿಲ ಜಲ್ಲಿಯ ಮೇಲೆ ಹೆಚ್ಚಿನವರಿಗೆ ಆಗದು. ನಿಮ್ಮ ಅತಿ ಹಗುರ ಗೇರು 34/28ರಲ್ಲಿ ನಿಮಿಷಕ್ಕೆ 60 ಸಲ ತುಳಿದರೆ ವೇಗ ಗಂಟೆಗೆ ಸುಮಾರು 9.6 ಕಿಮೀ. ಸವಾರ, ಸೈಕಲ್, ಸಾಮಾನು ಸೇರಿ 85 ಕೆಜಿ ಎಂದಿಟ್ಟುಕೊಂಡರೆ ಆ ವೇಗದಲ್ಲಿ ಏರುವುದಕ್ಕೇ 220 ವ್ಯಾಟ್ ಬೇಕು, ಜಲ್ಲಿಯ ಎಳೆತ ಬೇರೆ. 40/42 ಇದ್ದರೆ ಅದೇ ತುಳಿತಕ್ಕೆ ವೇಗ 7.5, ಬೇಕಾದದ್ದು 170 ವ್ಯಾಟ್ ಆಸುಪಾಸು. ಈ 50 ವ್ಯಾಟಿನ ಅಂತರವೇ ಕೂತು ಹತ್ತುವುದಕ್ಕೂ ಎದ್ದು ನಿಂತು ತುಳಿಯುವುದಕ್ಕೂ ಇರುವ ಅಂತರ. ಜಲ್ಲಿಯ ಮೇಲೆ ಎದ್ದು ನಿಂತರೆ ಹಿಂದಿನ ಚಕ್ರದ ಭಾರ ಕಡಿಮೆಯಾಗಿ ಅದು ಅಲ್ಲೇ ಜಾರಿ ತಿರುಗುತ್ತದೆ. ಹಿಂದಿನ ಹಲ್ಲುಚಕ್ರಗಳ ಗೊಂಚಲು, ಅಂದರೆ ಕ್ಯಾಸೆಟ್ಟನ್ನು 11–34ಕ್ಕೆ ಬದಲಿಸುವುದು ಅಗ್ಗದ ದಾರಿ. ನಿಮ್ಮ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) 34 ಹಲ್ಲು ತಡೆಯುತ್ತದೆಯೇ ಎಂದು ಮೊದಲು ಕೇಳಿ, ಚೈನು ಹೊಸದಾಗಿ, ಸ್ವಲ್ಪ ಉದ್ದವಾಗಿ ಹಾಕಿಸಿ.

ಪ್ರ: ತಾಮ್ಹಿಣಿ ಇಳಿಯುವಾಗ ಬ್ರೇಕು ಕಿರುಚುತ್ತದೆ, ಅರ್ಧ ದಾರಿಗೆ ಲಿವರ್ ಹ್ಯಾಂಡಲ್ಲಿಗೇ ತಾಗುತ್ತದೆ. ಕೇಬಲ್ ಡಿಸ್ಕ್ ಬ್ರೇಕ್. (ಠಾಣೆ)

ಉ: ಕೇಬಲ್ ಡಿಸ್ಕಿನಲ್ಲಿ ಪ್ಯಾಡು ಸವೆದಂತೆ ಲಿವರಿನ ದೂರ ಹೆಚ್ಚುತ್ತದೆ, ತಾನಾಗಿ ಸರಿಹೋಗುವುದಿಲ್ಲ. ಪ್ಯಾಡುಗಳನ್ನು ಹಿಡಿದಿರುವ ಭಾಗ ಕ್ಯಾಲಿಪರ್. ಅಗ್ಗದ ಕ್ಯಾಲಿಪರುಗಳಲ್ಲಿ ಹೊರಗಿನ ಪ್ಯಾಡು ಮಾತ್ರ ಚಲಿಸುತ್ತದೆ. ಅದು ಡಿಸ್ಕನ್ನು ಒಳಗಿನ ಪ್ಯಾಡಿನ ಕಡೆ ಬಾಗಿಸಿ ಹಿಡಿಯುತ್ತದೆ. ಎಲ್ಲರೂ ಕೇಬಲ್ ಬಿಗಿಮಾಡುತ್ತಾರೆ, ತಪ್ಪಾಗುವುದು ಅಲ್ಲೇ. ಮೊದಲು ಅಲೆನ್ ಕೀಲಿಯಿಂದ ಒಳಗಿನ ಸ್ಥಿರ ಪ್ಯಾಡನ್ನು ಡಿಸ್ಕಿಗೆ ತಾಗುವವರೆಗೆ ತಂದು, ಕಾಗದದಷ್ಟು ಸಂದಿ ಬರುವಂತೆ ಹಿಂದೆ ಸರಿಸಿ. ಆಮೇಲೆ ಹೊರಗಿನದ್ದನ್ನು ಕೇಬಲ್ಲಿನ ತುದಿಯ ತಿರುಪು, ಅಂದರೆ ಬ್ಯಾರಲ್ ಅಡ್ಜಸ್ಟರಿನಿಂದ ಹೊಂದಿಸಿ. ಲಿವರ್ ಅರ್ಧ ದೂರಕ್ಕೆ ಕಚ್ಚಬೇಕು. ಪ್ಯಾಡಿನ ದಪ್ಪ 1 ಮಿಮೀಗಿಂತ ಕಡಿಮೆ ಉಳಿದಿದ್ದರೆ ಹೊಂದಿಸುವ ಪ್ರಶ್ನೆಯೇ ಇಲ್ಲ, ಬದಲಿಸಿ.

ಕಿರುಚಾಟಕ್ಕೆ ಕಾರಣ ಎರಡು. ಒಂದು, ಚೈನಿನ ಎಣ್ಣೆ ಡಿಸ್ಕಿನ ಮೇಲೆ ಬಿದ್ದಿರಬಹುದು. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪ್ಯಾಡು ಎಣ್ಣೆ ಹೀರಿದ್ದರೆ ಅದನ್ನು ಬಿಸಾಡಿ. ಇನ್ನೊಂದು, ಬ್ರೇಕನ್ನು ಸ್ವಲ್ಪ ಸ್ವಲ್ಪ ಒತ್ತಿ ಹಿಡಿದೇ ಇಳಿಯುವುದರಿಂದ ಪ್ಯಾಡಿನ ಮೈ ಗಾಜಿನಂತೆ ಹೊಳಪಾಗುತ್ತದೆ. ಮರಳು ಕಾಗದದಲ್ಲಿ ಉಜ್ಜಿ ಹೊಳಪು ತೆಗೆದು, ಸಮತಟ್ಟು ರಸ್ತೆಯಲ್ಲಿ 20–25 ಕಿಮೀ ವೇಗದಿಂದ ನಡಿಗೆಯ ವೇಗಕ್ಕೆ ಇಪ್ಪತ್ತು ಸಲ ಇಳಿಸಿ. ಘಟ್ಟದಲ್ಲಿ ತಿರುವಿಗೆ ಮುಂಚೆ ಎರಡೂ ಬ್ರೇಕು ಗಟ್ಟಿಯಾಗಿ ಹಿಡಿದು, ವೇಗ ಇಳಿದೊಡನೆ ಪೂರ್ತಿ ಬಿಡಿ. ಬಿಟ್ಟ ಆ ಕೆಲವು ಕ್ಷಣಗಳಲ್ಲೇ ಡಿಸ್ಕ್ ತಣಿಯುವುದು.

ಮಳೆಗಾಲಕ್ಕೆ ರೆಸಿನ್, ಅಂದರೆ ರಾಳದಿಂದ ಬೆಸೆದ ಮೆತ್ತನೆಯ ಪ್ಯಾಡು ಬೇಡ. ಕೆಸರು ನೀರಿನಲ್ಲಿ ಅದು ಒಂದೇ ದಿನಕ್ಕೆ ಸವೆದು ಹೋಗುವುದುಂಟು. ಲೋಹದ ಪುಡಿಯ ಸಿಂಟರ್ಡ್ ಪ್ಯಾಡು ಹಾಕಿ. 'ರೆಸಿನ್ ಓನ್ಲಿ' ಎಂದು ಡಿಸ್ಕಿನ ಮೇಲೆ ಅಚ್ಚಾಗಿದ್ದರೆ ಡಿಸ್ಕನ್ನೂ ಬದಲಿಸಬೇಕು.

ಪ್ರ: ಜುಲೈಯಲ್ಲಿ ಕುಂಡಲಿಕಾ ಕಣಿವೆ ನೋಡುತ್ತಾ ಭಿರಾ, ದೇವಕುಂಡ ಜಲಪಾತದ ಕಡೆ ಹೋಗುವ ಆಸೆ. ಸಲಹೆ ಕೊಡಿ. (ಮುಲುಂಡ್)

ಉ: ಜುಲೈಯಲ್ಲಿ ಹೋಗಬೇಡಿ. ತಾಮ್ಹಿಣಿ ಮಹಾರಾಷ್ಟ್ರದಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ಘಟ್ಟದ ರಸ್ತೆಗೆ ಬಂಡೆ ಉರುಳುತ್ತದೆ. ದೇವಕುಂಡ ಮತ್ತು ಪ್ಲಸ್ ವ್ಯಾಲಿಯಲ್ಲಿ ಜನ ಕೊಚ್ಚಿಹೋಗಿ ಸತ್ತಿದ್ದಾರೆ, ಆದ್ದರಿಂದಲೇ ಜಿಲ್ಲಾಡಳಿತ ಮಳೆಗಾಲದಲ್ಲಿ ಅಂಥ ಜಾಗಗಳಿಗೆ ನಿರ್ಬಂಧ ಹಾಕುತ್ತದೆ. ಪಿಂಪ್ರಿಯಿಂದ ಭಿರಾಕ್ಕೆ ಇಳಿಯುವ ಅಂಧಾರಬನ ಕಾಲುದಾರಿಯನ್ನು ನಕ್ಷೆಯಲ್ಲಿ ಕಂಡು ಸೈಕಲ್ ಹೊತ್ತು ಹೊರಡುವವರಿದ್ದಾರೆ. ಅದು ಕಾಡಿನೊಳಗಿನ ನಡಿಗೆಯ ದಾರಿ, ಯಾವ ಋತುವಿನಲ್ಲೂ ಸೈಕಲ್ಲಿಗಲ್ಲ.

ಚಳಿಗಾಲದಲ್ಲಿ ಹೋದರೂ ಒಂದು ವಿಷಯ ಗೊತ್ತಿರಬೇಕು. ಮುಳಶಿ ಅಣೆಕಟ್ಟಿನ ನೀರು ಮುಳಾ ನದಿಯದು. ತನ್ನ ಪಾಡಿಗೆ ಬಿಟ್ಟರೆ ಅದು ಪುಣೆ ಹಾಯ್ದು ಭೀಮೆ ಸೇರಿ, ಕಲಬುರಗಿ ಜಿಲ್ಲೆ ದಾಟಿ ರಾಯಚೂರಿನ ಬಳಿ ಕೃಷ್ಣೆಗೆ ಕೂಡಬೇಕಾದ ನೀರು. ಟಾಟಾ ಕಂಪನಿ ಅದನ್ನು ಪಶ್ಚಿಮಕ್ಕೆ ತಿರುಗಿಸಿ, ಕೊಳವೆಗಳಲ್ಲಿ ಘಟ್ಟದ ಕೆಳಗೆ ಭಿರಾ ವಿದ್ಯುದಾಗಾರಕ್ಕೆ ಇಳಿಸುತ್ತದೆ. ಅದು ಶುರುವಾದದ್ದು 1927ರಲ್ಲಿ. ಮುಳುಗಡೆಯಾಗಲಿದ್ದ ಊರುಗಳ ರೈತರು ಸೇನಾಪತಿ ಬಾಪಟರ ಮುಂದಾಳತ್ವದಲ್ಲಿ 1921ರಿಂದ ಸತ್ಯಾಗ್ರಹ ಮಾಡಿದ್ದು ಇದೇ ಅಣೆಕಟ್ಟಿನ ವಿರುದ್ಧ. ಹಿನ್ನೀರಿನ ಪಕ್ಕ ಸವಾರಿ ಮಾಡುವವರು ಅದನ್ನು ನೆನೆಯಬೇಕು. ವಿದ್ಯುತ್ ತೆಗೆದ ಮೇಲೆ ಆ ನೀರು ಕುಂಡಲಿಕೆಗೆ ಬೀಳುತ್ತದೆ. ಕೋಲಾಡ್‌ನಲ್ಲಿ ಬೇಸಿಗೆಯಲ್ಲೂ ರಾಫ್ಟಿಂಗ್ ನಡೆಯುವುದು ಇದರಿಂದಲೇ. ಹಾಗಾಗಿ ಮಳೆಯಿಲ್ಲದ ದಿನವೂ ಕೆಳಗಿನ ಹೊಳೆಯ ಮಟ್ಟ ಏರುತ್ತದೆ. ಒಣಗಿ ಕಾಣುವ ಪಾತ್ರದಲ್ಲಿ ಸೈಕಲ್ ಇಳಿಸಿ ದಾಟುವುದು, ಬಂಡೆಯ ಮೇಲೆ ಊಟಕ್ಕೆ ಕೂರುವುದು ಎರಡೂ ಬೇಡ. ಸೇತುವೆ ಹುಡುಕಿ.

ಅಕ್ಟೋಬರ್ ನಡುವಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಳೆ ನಿಂತ ಮೊದಲ ವಾರಗಳಲ್ಲಿ ಗದ್ದೆ ಬದಿಯ ಮಣ್ಣುದಾರಿಗಳು ಒಣಗಿರುವುದಿಲ್ಲ. ಎರೆಮಣ್ಣು ಟೈರಿಗೆ ಮೆತ್ತಿ ಫ್ರೇಮಿನ ಸಂದಿಯಲ್ಲಿ ಕೂತರೆ ಚಕ್ರವೇ ತಿರುಗುವುದಿಲ್ಲ. ಟೈರಿನ ಎರಡೂ ಬದಿ ಕನಿಷ್ಠ 6 ಮಿಮೀ ಜಾಗ ಇರಲಿ. ಮೆತ್ತಿಕೊಂಡರೆ ತುಳಿದು ಎಳೆಯಬೇಡಿ, ಡಿರೇಲರನ್ನು ಫ್ರೇಮಿಗೆ ಹಿಡಿದಿರುವ ಹ್ಯಾಂಗರ್ ಮುರಿಯುತ್ತದೆ. ಕಡ್ಡಿಯಿಂದ ಕೆರೆದು ಹೊತ್ತುಕೊಳ್ಳಿ. ನಿಮ್ಮ ಸೈಕಲ್ಲಿನದೇ ಅಳತೆಯ ಇನ್ನೊಂದು ಹ್ಯಾಂಗರ್ ಚೀಲದಲ್ಲಿರಲಿ. ಒಂದೊಂದು ಸೈಕಲ್ಲಿಗೂ ಅದು ಬೇರೆ, ಮುಳಶಿಯಲ್ಲಿ ಸಿಗುವ ವಸ್ತುವಲ್ಲ.

ಪ್ರ: ಕುಟುಂಬದೊಂದಿಗೆ ಎರಡು ದಿನ ಹೋಗಬೇಕು. ಒಂದು ದಿನ ಸೈಕಲ್, ಒಂದು ದಿನ ಕಮರಿ ನೋಡುವುದು. (ಮಾಟುಂಗಾ)

ಉ: ಭಂಡಾರದರಾಕ್ಕೆ ಹೋಗಿ. ಪ್ರವರಾ ನದಿಗೆ ಕಟ್ಟಿದ ವಿಲ್ಸನ್ ಅಣೆಕಟ್ಟಿನ ಕೆರೆಯ ಸುತ್ತ ಶೆಂಡಿ, ರತನವಾಡಿ, ಸಾಮ್ರದ, ಘಾಟ್‌ಘರ್, ಮತ್ತೆ ಶೆಂಡಿ ಎಂದು ಸುಮಾರು 45 ಕಿಮೀ ಸುತ್ತು. ಡಾಂಬರು, ಒಡಕು ಡಾಂಬರು, ಅಲ್ಲಲ್ಲಿ ಜಲ್ಲಿ. ಭಾರಿ ಏರಿಲ್ಲ. ರತನವಾಡಿಯ ಅಮೃತೇಶ್ವರ ಗುಡಿಯಲ್ಲಿ ನಿಂತು ಹೋಗಿ. ಕಸಾರಾವರೆಗೆ ಲೋಕಲ್ ಇದೆ ಎಂದು ಅಲ್ಲಿಂದ ಸೈಕಲ್ ತುಳಿಯಬೇಡಿ, ಕಸಾರಾ ಘಾಟ್ ತುಂಬ ಲಾರಿಗಳು. ಮೇಲ್ ಗಾಡಿಯಲ್ಲಿ ಇಗತಪುರಿಗೆ ಬಂದು ಘೋಟಿ ಮೇಲೆ ಜೀಪು ಮಾಡಿಕೊಳ್ಳಿ.

ಎರಡನೆಯ ದಿನ ಸಾಮ್ರದದಲ್ಲಿ ಸೈಕಲ್ ಬಿಟ್ಟು ಸಾಂಧಣ ಕಮರಿಗೆ ಊರಿನ ಮಾರ್ಗದರ್ಶಕರ ಜೊತೆ ನಡೆಯಿರಿ. ಎರಡು ಕಲ್ಲುಗೋಡೆಗಳ ನಡುವಿನ ಆ ಇಕ್ಕಟ್ಟಿನಲ್ಲಿ ನಿಂತ ನೀರಿನ ಗುಂಡಿ ದಾಟಬೇಕು, ನೆನೆದರೂ ಜಾರದ ಬೂಟು ಇರಲಿ. ಮಕ್ಕಳಿದ್ದರೆ ಹಗ್ಗದಿಂದ ಇಳಿಯುವ ಜಾಗಕ್ಕೆ ಮುಂಚೆಯೇ ಹಿಂತಿರುಗಿ. ಮೇ ಕೊನೆಯಿಂದ ಜೂನ್ ಮೊದಲವರೆಗೆ ಮಿಂಚುಹುಳು ನೋಡಲು ಕಾರುಗಳ ಸಾಲೇ ಬರುತ್ತದೆ. ಆಗ ಈ ಸುತ್ತು ಸೈಕಲ್ಲಿಗೆ ತಕ್ಕದ್ದಲ್ಲ.

ಪ್ರ: ಕ್ಯಾಸಲ್‌ರಾಕ್‌ನಿಂದ ರೈಲುಹಳಿಯ ಪಕ್ಕದಲ್ಲೇ ದೂಧಸಾಗರ ನೋಡುತ್ತಾ ಕುಳೆಗೆ ಸೈಕಲ್ಲಿನಲ್ಲಿ ಇಳಿಯಬಹುದೇ? (ವಾಸ್ಕೊ)

ಉ: ಇಲ್ಲ. ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅದು ಅತಿಕ್ರಮ ಪ್ರವೇಶ. ಆರು ತಿಂಗಳವರೆಗೆ ಸೆರೆ, ಇಲ್ಲವೆ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾನೂನು ಬದಿಗಿಟ್ಟರೂ ಅಲ್ಲಿ ಸೈಕಲ್ ಓಡುವುದಿಲ್ಲ. ಹಳಿಯಡಿಯ ದಪ್ಪ ಜಲ್ಲಿಯ ಮೇಲೆ 45 ಮಿಮೀ ಟೈರೂ ಹೂತುಹೋಗುತ್ತದೆ. 37ಕ್ಕೆ 1ರ ಇಳುಕಲಿನಲ್ಲಿ ಸುರಂಗದ ಮೇಲೆ ಸುರಂಗ, ಒಳಗೆ ಗಾಡಿ ಬಂದರೆ ಸೈಕಲ್ ಹಿಡಿದು ಸರಿಯಲು ಜಾಗವಿಲ್ಲ.

ಬದಲಿಗೆ ಗೋವಾದ ಸತ್ತರಿ ತಾಲ್ಲೂಕಿಗೆ ಬನ್ನಿ. ವಾಳಪೈನಲ್ಲಿ ಕಾರು ನಿಲ್ಲಿಸಿ ನಗರಗಾವ್, ಧಾವೆ, ಉಸ್ತೆ ಕಡೆಯ ಒಳರಸ್ತೆಗಳಲ್ಲಿ ಅರ್ಧ ದಿನ ಸುತ್ತಬಹುದು. ಉಸ್ತೆಯಲ್ಲಿ ಸೇತುವೆಯ ಕೆಳಗೆ ಹರಿಯುವ ಮ್ಹಾದಯಿ ನಮ್ಮ ಖಾನಾಪುರ ತಾಲ್ಲೂಕಿನಿಂದ ಬಂದ ಮಹದಾಯಿಯೇ. ಅಭಯಾರಣ್ಯದೊಳಗಿನ ಕಾಡುದಾರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಊರಿನ ರಸ್ತೆಗಳಿಗೆ ಬೇಡ. ಚೋರ್ಲಾ ಘಾಟ್‌ನಲ್ಲಿ ವಾಹನ ದಟ್ಟಣೆ ಹೆಚ್ಚು, ಬೆಳಗಿನ 8ರ ನಂತರ ಹತ್ತಬೇಡಿ.

ಇಲ್ಲಿನ ನೆಲ ಜಂಬಿಟ್ಟಿಗೆ. ಘಟ್ಟದ ಮೇಲಿನ ಬಸಾಲ್ಟಿನ ಹಾಗೆ ಟೈರು ಸೀಳುವುದಿಲ್ಲ. ಆದರೆ ಒಣಗಿದಾಗ ಮೇಲೆ ಉಳಿಯುವ ಉರುಟು ಹರಳುಗಳ ಮೇಲೆ ತಿರುಗುವುದೆಂದರೆ ಗೋಲಿಗಳ ಮೇಲೆ ಸೈಕಲ್ ಬಿಟ್ಟಂತೆ. ಮುಂದಿನ ಟೈರಿನ ಪಕ್ಕದಲ್ಲಿ ಎತ್ತರದ ಗುಬಟುಗಳಿರಲಿ, ಗಾಳಿ ಮೇಲೆ ಹೇಳಿದ್ದಕ್ಕಿಂತ 2 ಪಿಎಸ್‌ಐ ಕಡಿಮೆ ಮಾಡಿ. ಮೊದಲ ಮಳೆಯ ನಂತರ ಅದೇ ನೆಲಕ್ಕೆ ಪಾಚಿ ಹಿಡಿಯುತ್ತದೆ, ಮರದ ನೆರಳಿನ ತಿರುವುಗಳಲ್ಲಿ ಮುಂದಿನ ಬ್ರೇಕು ಮುಟ್ಟಬೇಡಿ.